ಜಟೆಯ ಎಡಮಗ್ಗುಲಿನ ತಗ್ಗು

ಜಟೆ ಬೆಳೆಯುವ ವಸ್ತು, ಹೊಲಿಯುವ ವಸ್ತುವಲ್ಲ. ಈ ಉಪದೇಶವನ್ನು ನಾನು ಬೆಟಗೇರಿಯ ನನ್ನ ಅಂಗಡಿಯಲ್ಲಿ ಕುಳಿತು ಎಷ್ಟೋ ವಿಶ್ವಾಮಿತ್ರರಿಗೂ ವೀರಭದ್ರರಿಗೂ ಮಾಡಿದ್ದೇನೆ. ಮಾಡಿದ ಮೇಲೆ ಸೆಣಬಿನಲ್ಲಿ ಜಟೆ ಹೊಲಿದೂ ಕೊಟ್ಟಿದ್ದೇನೆ. ನಾಟಕದ ಜಟೆಗೆ ಮೂರು ಅಂಕದ ಆಯುಷ್ಯ. ಪರದೆ ಬಿದ್ದೊಡನೆ ಮಹರ್ಷಿಗಳು ಅದನ್ನು ಗೂಟಕ್ಕೆ ಸಿಕ್ಕಿಸಿ ಬೀಡಿ ಹಚ್ಚುತ್ತಾರೆ. ಅಲ್ಲಿಗೆ ಅವರ ತಪಸ್ಸೂ ಮುಗಿಯಿತು, ನನ್ನ ಜವಾಬ್ದಾರಿಯೂ ಮುಗಿಯಿತು. ಪರದೆ ಬೀಳದ ಜಾಗಕ್ಕೆ ನಾನು ಜಟೆ ಮಾಡಿಕೊಟ್ಟದ್ದು ಒಂದೇ ಸಲ.

ಆಗ ಬೇಸಿಗೆ ಶುರುವಾಗಿತ್ತು. ಶಾಲೆಗಳ ಗ್ಯಾದರಿಂಗ್ ಮುಗಿದು, ಬಾಡಿಗೆಗೆ ಹೋಗಿದ್ದ ಕಿರೀಟಗಳೆಲ್ಲ ಡೊಂಕಾಗಿ ಮರಳಿ ಬಂದಿದ್ದವು. ದುರ್ಯೋಧನನ ಕಿರೀಟವನ್ನು ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಮಾಡುತ್ತಿದ್ದಾಗ ಬಾಗಿಲಲ್ಲಿ ತಾಯಿ, ಮಗ ಬಂದು ನಿಂತರು. ಮಗನಿಗೆ ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ತಾಯಿ ನನ್ನ ವಯಸ್ಸಿನಾಕೆ. ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು.

"ಮಾಸ್ತರ, ನೀವು ಜಟಿ ಮಾಡ್ತೀರಂತಲ್ರಿ?" ಅಂದ ಮಗ.

"ಯಾವ ನಾಟಕಕ್ಕ?"

"ನಾಟಕಕ್ಕಲ್ರಿ. ನಮ್ಮವ್ವಗ. ದಿನಾ ಹಾಕ್ಕೊಳ್ಳಾಕ."

ಒಳಗೆ ಕೂರಿಸಿ, ನೀರು ಕೊಟ್ಟು, ಮಾತು ಬಿಡಿಸಿದೆ. ಮುಂಡರಗಿಯ ಆಚೆ ಹೊಳೆಯ ದಂಡೆಗೆ ಇವರ ಊರು. ಈಕೆಗೆ ಮದುವೆಯಾದ ಹೊಸದರಲ್ಲೇ ತಲೆಯಲ್ಲಿ ಜಟೆ ಮೂಡಿತು. ಕೂದಲು ತಾನಾಗಿ ಗಂಟುಗಟ್ಟಿದರೆ ನಮ್ಮ ಕಡೆ ಅದನ್ನು ಬಾಚುವುದಿಲ್ಲ, ಕತ್ತರಿಸುವುದೂ ಇಲ್ಲ. ದೇವಿತಾಯಿ ಬಂದಳೆಂದು ಭಂಡಾರದ ಅರಿಶಿನ ಹಚ್ಚಿ ಕೈಮುಗಿಯುತ್ತಾರೆ. ಈಕೆಗೂ ಹಾಗೇ ಆಯಿತು. ಮಂಗಳವಾರ, ಶುಕ್ರವಾರ ಮನೆಯ ಪಡಸಾಲೆಯ ಗದ್ದಿಗೆಯ ಮೇಲೆ ಕೂರುತ್ತಿದ್ದಳು. ಶಿರಹಟ್ಟಿಯಿಂದ, ಲಕ್ಷ್ಮೇಶ್ವರದಿಂದ ಜನ ಬಂದು ಕೇಳುತ್ತಿದ್ದರು: ಕಳೆದ ಎಮ್ಮೆ, ಕೂಡಿಬರದ ಮದುವೆ, ಮಾತು ಬಿಟ್ಟ ಅಣ್ಣತಮ್ಮಂದಿರು. ಈಕೆ ಹೇಳುತ್ತಿದ್ದಳು.

ಕೆಲವು ತಿಂಗಳ ಹಿಂದೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಎಡಗಿವಿಯ ಮೇಲ್ಗಡೆ ತಲೆ ಒಡೆಯಿತು. ಹೊಲಿಗೆ ಹಾಕಬೇಕೆಂದರೆ ಜಟೆ ತೆಗೆಯಲೇಬೇಕು ಎಂದರು ದವಾಖಾನೆಯವರು. ತೆಗೆದರು.

ನನಗೆ ಹಗುರವೆನಿಸಿತು. "ಅಷ್ಟ ಹೌದಲ್ಲೋ ತಮ್ಮಾ? ಆ ಕತ್ತರಿಸಿದ ಜಟಿ ತಗೊಂಬಾ. ಜಾಳಿಗಿ ಟೊಪ್ಪಿಗಿ ಮ್ಯಾಲ ಕೂಡಿಸಿ ಕೊಟ್ಬಿಡ್ತೀನಿ. ಅವರದ ಕೂದಲ, ಅವರದ ತಲಿ. ಯಾರಿಗೂ ಸುಳ್ಳಿಲ್ಲ."

ಮಗ ಗೋಡೆಗೆ ತೂಗುಹಾಕಿದ್ದ ಗದೆಗಳನ್ನು ನೋಡತೊಡಗಿದ. "ಅದನ್ನ ಹೊಳಿಗೆ ಬಿಟ್ಟೀವ್ರಿ. ಮನ್ಯಾಗ ಇಟ್ಕೋಬಾರದು ಅಂತ ಪದ್ಧತಿ ಐತಲ್ರಿ. ಕಾಯಿ ಒಡದು, ಉಡಿ ತುಂಬಿ ಬಿಟ್ಟೀವಿ."

ಆಗ ಮೊದಲ ಸಲ ಆ ಅಕ್ಕ, ಅವನ ತಾಯಿ, ಬಾಯಿ ತೆರೆದಳು. "ಬಿಟ್ಟು ಮನಿಗೆ ಬಂದು ಊಟಕ್ಕ ಕುಂತ ಮ್ಯಾಲ ಇವಗ ನೆನಪಾತ್ರಿ, ಮರುದಿನ ಮಂಗಳವಾರ ಅಂತ."

ನಾನು ನಕ್ಕುಬಿಟ್ಟೆ. ಆಕೆಯೂ ನಕ್ಕಳು. ಮಗ ನಗಲಿಲ್ಲ. ಅವ್ವ ಮೌನವ್ರತದಲ್ಲಿದ್ದಾಳೆ, ಜಾತ್ರೆಯ ಹುಣ್ಣಿಮೆಯ ತನಕ ದರ್ಶನವಿಲ್ಲ ಎಂದು ಬಂದವರನ್ನೆಲ್ಲ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದನಂತೆ. ಹುಣ್ಣಿಮೆ ದೂರವಿರಲಿಲ್ಲ.

"ಅಕ್ಕಾರ, ಜಟಿ ಇಲ್ದನ ಗದ್ದಿಗಿ ಮ್ಯಾಲ ಕುಂತ್ರ ಏನಾಕ್ಕೈತಿ?" ಎಂದೆ.

"ಜಟಿ ಇದ್ದಾಗ ನಾ ಹೇಳಿದ್ದು ತಾಯಿ ಮಾತು, ಅಣ್ಣಾರ. ಬೋಳ ತಲಿಲೆ ಅದನ್ನ ಹೇಳಿದ್ರ ಮುದುಕಿ ವಟವಟ ಅಂತಾರ. ಮೊನ್ನಿ ಸೊಸಿಗೆ ಹಾಲು ಉಕ್ಕಾಕತ್ತಾವ ನೋಡವಾ ಅಂದೆ. ಆಕಿ ತಿರುಗಿ ಸೈತ ನೋಡ್ಲಿಲ್ಲ. ಹಾಲು ಉಕ್ಕಿದವು."

ನಾನು ಹೊಲಿಯಲು ಒಪ್ಪಿದ್ದು ಆ ಉಕ್ಕಿದ ಹಾಲಿಗೆ.

ಸೆಣಬು ಆಗುವುದಿಲ್ಲ ಎನ್ನುವುದು ಮೊದಲೇ ಗೊತ್ತಿತ್ತು. ಬೆವರು ಬಿದ್ದರೆ ನಾರುತ್ತದೆ, ಹೊಲಿಗೆ ಹಾಕಿದ ಚರ್ಮವನ್ನು ಗೀರುತ್ತದೆ. ಮಗ ಮೊಬೈಲ್ ತೆಗೆದು ತೋರಿಸಿದ: ಪರದೇಶದ ಹುಡುಗ ಹುಡುಗಿಯರು ಸಿಂಥೆಟಿಕ್ ಜಟೆಗಳನ್ನು ಸ್ವಂತ ಕೂದಲಿಗೆ ಕಟ್ಟಿಸಿಕೊಂಡು ಸಮುದ್ರದ ದಂಡೆಯಲ್ಲಿ ಹಲ್ಲು ಕಿರಿಯುತ್ತಿದ್ದರು. ನಮ್ಮಲ್ಲಿ ಬಂದರೆ ಕೈಮುಗಿಯುವುದನ್ನು ಅವರು ಖುಷಿಗಾಗಿ ತರಿಸಿಕೊಳ್ಳುತ್ತಾರೆ. ಪಾರ್ಸಲ್‌ನಲ್ಲಿ ಬರುತ್ತದಂತೆ. ತಪಸ್ಸಿನ ಮಟ್ಟಿಗೆ ಇಷ್ಟು ಸುಲಭದ ದಾರಿ ಯಾವ ಪುರಾಣದಲ್ಲೂ ಹೇಳಿಲ್ಲ.

ತರಿಸುವ ಮೊದಲು ಕಲಿಯಬೇಕಾದದ್ದು ಬಹಳವಿತ್ತು, ಕಲಿತೆ. ಒಂದು ಜಾತಿಯ ಎಳೆಗೆ ತಲೆಯಲ್ಲಿ ಕುಣಿಕೆ ಇರುತ್ತದೆ, ಒಂದೇ ಬಾಲ ಇಳಿಬೀಳುತ್ತದೆ. ಇನ್ನೊಂದು ಜಾತಿಯದನ್ನು ನಡುವೆ ಮಡಚಿ ಕಟ್ಟಿದರೆ ಎರಡು ಬಾಲ. ಎರಡು ಬಾಲದ್ದು ತಲೆ ಬೇಗ ತುಂಬಿಸುತ್ತದೆ, ಆದರೆ ಕಟ್ಟಿದ ಜಾಗಕ್ಕೆ ಭಾರ ಇಮ್ಮಡಿ. ನಾನು ಒಂದು ಬಾಲದ್ದೇ ಬೇಕೆಂದೆ. ಮೊದಲ ಪಾರ್ಸಲ್ ಬಿಚ್ಚಿದಾಗ ಎಲ್ಲ ಎಳೆಗಳೂ ಒಂದೇ ದಪ್ಪ, ಒಂದೇ ಉದ್ದ, ಡಾಂಬರಿನ ಕಪ್ಪು, ಮೇಲೆ ಮಿರಿಮಿರಿ ಹೊಳಪು. ನಿಜವಾದ ಜಟೆಗೆ ಶಿಸ್ತು ಇರುವುದಿಲ್ಲ. ಒಂದು ಹೆಬ್ಬೆರಳಿನಷ್ಟಿದ್ದರೆ ಒಂದು ಕಿರುಬೆರಳು, ಬುಡದಲ್ಲಿ ಕಪ್ಪು, ತುದಿಯಲ್ಲಿ ಒಣಹುಲ್ಲು. ಅದನ್ನು ವಾಪಸು ಕಳಿಸಿ, ಕಂದು ಬೆರೆತ ಒರಟು ಎಳೆಗಳನ್ನು ಬೇರೆಬೇರೆ ದಪ್ಪದಲ್ಲಿ ತರಿಸಿದೆವು.

ಹೊಸ ಸಿಂಥೆಟಿಕ್ ಎಳೆಗೆ ಕಾರ್ಖಾನೆಯ ಲೇಪವಿರುತ್ತದೆ. ತೊಳೆಯದೆ ಹಾಕಿಕೊಂಡರೆ ತಲೆ ಕೆರೆದು ಕೆರೆದು ಪ್ರಾಣ ಹೋಗುತ್ತದೆ. ತೊಳೆಯಲು ವಿನೆಗರ್ ಬೇಕು. ಗೋಬಿ ಮಂಚೂರಿ ಗಾಡಿಯವನ ಹತ್ತಿರ ಬಾಟಲಿ ಇಸಿದುಕೊಂಡು ಬಕೆಟ್ಟಿನ ನೀರಿಗೆ ಸುರಿದು ನೆನೆಹಾಕಿದೆ. ಬಿಳಿಯ ಪೊರೆ ತೇಲಿತು. ಪೊರೆ ನಿಲ್ಲುವ ತನಕ ನೀರು ಬದಲಿಸಿ, ಅಂಗಡಿಯ ಮುಂದೆ ಹಗ್ಗ ಕಟ್ಟಿ ಒಣಗಹಾಕಿದೆ. ಪಕ್ಕದ ಮನೆಯ ನೇಕಾರ ಮಗ್ಗ ಬಿಟ್ಟು ಹೊರಗೆ ಬಂದ.

"ಏನ್ರಿ ಮಾಸ್ತರ, ಹಾವು ಒಣಗಾಕೀರಲ್ಲ? ಹಪ್ಪಳ ಮಾಡ್ತೀರೇನು?"

"ಹೌದೋ. ನಾಳೆ ನಿನ್ನ ಮನಿಗೆ ಎರಡ ಕಳಸ್ತೀನಿ."

ಕೊನೆಗೆ ಒಂದು ಎಳೆಯ ತುದಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಕೂದಲಾದರೆ ಚುರುಚುರು ಸುಟ್ಟು ಬೂದಿಯಾಗುತ್ತದೆ. ಇದು ಮುದುಡಿ, ಕರಗಿ, ಕಪ್ಪು ಹನಿಯಾಗಿ ನೆಲಕ್ಕೆ ಬಿದ್ದು ಅಲ್ಲೇ ಗಟ್ಟಿಯಾಯಿತು. ಮಗನನ್ನು ಕರೆದು ಆ ಹನಿ ತೋರಿಸಿದೆ. "ಕರ್ಪೂರ, ಆರತಿ ಏನಿದ್ರೂ ಮಾರುದೂರ. ಒಂದ ಕಿಡಿ ಹಾರಿದ್ರ ಇದು ತಲಿಗೆ ಹತ್ಕೊಂಡು ಕರಗತೈತಿ. ತಿಳೀತಿಲ್ಲೋ?" ಅವನು ಹನಿಯನ್ನು ಉಗುರಿನಿಂದ ಕೆದರಿ ನೋಡಿ, ತಿಳಿಯಿತು ಎಂದ. ಅವನು ಮಾತನ್ನು ಮರೆಯುವವನಲ್ಲ, ಅದು ಆಮೇಲೆ ಗೊತ್ತಾಯಿತು.

ಕಟ್ಟುವ ದಿನ ಅಕ್ಕನನ್ನು ದೊಡ್ಡ ಕನ್ನಡಿಯ ಮುಂದೆ ಕೂರಿಸಿದೆ. ಸೆರಗು ತೆಗೆದಳು. ಕೂದಲು ಮೂರು ಬೆರಳು ಬೆಳೆದಿತ್ತು. ಎಡಗಡೆ ಕಿವಿಯ ಮೇಲೆ ಗಾಯದ ಗುರುತು, ಹೊಲಿಗೆ ಹಾಕಿದ ಗೋಣಿಚೀಲದ ಬಾಯಿಯ ಹಾಗೆ. ಮೊಬೈಲಿನವರ ವಿಧಾನದಲ್ಲೇ ಶುರುಮಾಡಿದೆ: ಕೂದಲನ್ನು ಚೌಕ ಚೌಕವಾಗಿ ಬೈತಲೆ ತೆಗೆದು, ಒಂದೊಂದು ಚೌಕವನ್ನು ಗಿಡ್ಡ ಹೆರಳು ಹಾಕಿ, ಕೊಕ್ಕೆಸೂಜಿಯಿಂದ ಎಳೆಯ ಕುಣಿಕೆಯನ್ನು ಹೆರಳಿನೊಳಗೆ ಎಳೆದು, ದಾರ ಸುತ್ತಿ ಗಂಟು. ಬಲಗಡೆ ಮುಗಿಯುವ ತನಕ ಅಕ್ಕ ಮಾತಾಡುತ್ತಲೇ ಇದ್ದಳು. ಎಡಗಡೆಗೆ ಬಂದಾಗ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಕಣ್ಣಿಂದ ನೀರು ಇಳಿಯುತ್ತಿತ್ತು.

"ನೋಯ್ತೈತೇನ್ರಿ ಅಕ್ಕಾರ?"

"ನೀವು ಹೊಲೀರಿ ಅಣ್ಣಾರ. ತಲಿ ನಂದ, ನೋವು ನಂದ. ತಡಕೋತೀನಿ."

"ಗಟ್ಟಿ ಹೊಲದ ಬಿಡ್ರಿ ಮಾಸ್ತರ," ಎಂದ ಮಗ. "ಮಂದಿ ಮುಟ್ಟಿ ಹಣಿಗೆ ಹಚ್ಕೋತಾರ. ಕೈಯಾಗ ಕಿತ್ತು ಬಂದ್ರ ಮರ್ಯಾದಿ ಹೋಗತೈತಿ."

ಗಾಯದ ಸುತ್ತ ಚರ್ಮ ಗುಡಾರದ ಬಟ್ಟೆಯಂತೆ ಎದ್ದು ನಿಂತಿತ್ತು. ಕೊಕ್ಕೆಸೂಜಿ ಕೆಳಗಿಟ್ಟೆ. ಹಾಕಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿದೆ. ಬಿಚ್ಚುವುದಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಮಗ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದ.

"ಟೊಪ್ಪಿಗಿ ಮಾಡ್ತೀನಿ," ಎಂದೆ. "ಜಾಳಿಗಿಗೆ ಎಲ್ಲಾ ಹೊಲದು, ತಲಿಮ್ಯಾಲ ಇಟ್ಟು ಕಟ್ಟೂದು. ಬೇಕಾದಾಗ ಹಾಕ್ಕೋಬೇಕು, ಬ್ಯಾಡಾದಾಗ ತಗೀಬೇಕು."

"ತಗೀಯೂದು ಯಾಕ್ರಿ? ಮೊದಲಿನದು ತಗೀತಿದ್ಲೇನ್ರಿ?"

"ಮೊದಲಿನದು ಬೆಳದಿದ್ದು. ಇದು ಹೇರಿದ್ದು."

ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ರಾತ್ರಿ ತಗದಿಟ್ಟು ಮಲಗಬೋದೇನ್ರಿ? ಜಟಿ ಬಂದಾಗಿಂದ ನಾ ಒಂದ ಮಗ್ಗಲ ಮಲಗೇನಿ."

ಹಾಗೆ ಟೊಪ್ಪಿಗೆ ತೀರ್ಮಾನವಾಯಿತು. ನನ್ನ ಕಸುಬಿನಲ್ಲಿ ನಾನು ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಇನ್ನೊಂದಿಲ್ಲ. ಒಳಮೈಗೆ ಹಳೆಯ ಹತ್ತಿ ಸೀರೆಯ ಅರಿವೆ. ದಪ್ಪ ಎಳೆಗಳೆಲ್ಲ ಬಲಕ್ಕೆ ಮತ್ತು ನಡುನೆತ್ತಿಗೆ. ಎಡಗಡೆ ಗಾಯದ ಮೇಲೆ ಒಂದು ಅಂಗೈಯಗಲ ತಗ್ಗು ಬಿಟ್ಟೆ. ಅಲ್ಲಿ ತೆಳುವಾದ ಎಳೆಗಳು, ಅವನ್ನೂ ಗಾಯಕ್ಕೆ ತಾಗದಂತೆ ಮೇಲಿನಿಂದ ಹಾಯಿಸಿದ್ದೆ. ಹೊರಗಿನಿಂದ ನೋಡಿದರೆ ಜಟೆ ಕೊಂಚ ಎಡಕ್ಕೆ ಇಳಿಜಾರಾಗಿ ಕಾಣುತ್ತಿತ್ತು. ಅದೂ ಸಹಜವೇ, ಒಂದೇ ಮಗ್ಗುಲಲ್ಲಿ ಮಲಗಿದವರ ಜಟೆ ಹಾಗೇ ಇರುತ್ತದೆ. ಹೊಳಪು ಸಾಯಲು ಮುಖಕ್ಕೆ ಹಚ್ಚುವ ಪೌಡರು ತಿಕ್ಕಿದೆ.

ಹಾಕಿಕೊಂಡು ಅಕ್ಕ ಬಹಳ ಹೊತ್ತು ಕನ್ನಡಿ ನೋಡಿದಳು. ಬೆನ್ನು ನೆಟ್ಟಗಾಯಿತು. ಮಗನ ಕಡೆ ತಿರುಗಿ, "ಲೇ, ನೀರ ತಾ" ಎಂದಳು. ಅವನು ಓಡಿಹೋಗಿ ತಂದ. ಆಮೇಲೆ ನನಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು: "ಮೊದಲಿನದಕ್ಕಿಂತ ಚಲೋ ಐತ್ರಿ. ಹೇನು ಇಲ್ಲ."

ಹುಣ್ಣಿಮೆ ಸುಸೂತ್ರವಾಯಿತೆಂದು ಸುದ್ದಿ ಬಂತು. ನಾನು ಕಿರೀಟಗಳ ಡೊಂಕಿಗೆ ಮರಳಿದೆ.

ಮಳೆ ಹಿಡಿದ ಮೇಲೆ ಒಂದು ದಿನ ಮಗನ ಫೋನು. "ಮಾಸ್ತರ, ಸ್ವಲ್ಪ ತೊಂದ್ರಿ ಆಗೇತ್ರಿ. ಹೂ ಬರೇ ಎಡಕ್ಕ ಬೀಳಾಕತ್ತಾವು. ಬಂದು ನೋಡಿ ಹೋಗ್ರಿ."

ಯಾವ ಹೂ, ಯಾವ ಎಡ ಎಂದು ಫೋನಿನಲ್ಲಿ ತಿಳಿಯಲಿಲ್ಲ. ಶುಕ್ರವಾರ ಮುಂಡರಗಿ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋ ಹತ್ತಿ ಹೋದೆ. ಮನೆಯ ಮುಂದೆ ಸಾಲು ನಿಂತಿತ್ತು. ಪಡಸಾಲೆಯ ಗದ್ದಿಗೆಯ ಮೇಲೆ ಅಕ್ಕ ಇರಲಿಲ್ಲ. ಅಲ್ಲೊಂದು ಗಾಜಿನ ಪೆಟ್ಟಿಗೆ. ಅದರೊಳಗೆ ಬೋರಲು ಹಾಕಿದ ಹಿತ್ತಾಳೆ ಕೊಡ, ಕೊಡದ ಮೇಲೆ ನನ್ನ ಜಟೆ. ಭಂಡಾರ ಬಡಿದುಕೊಂಡು ಹಳದಿಯಾಗಿ, ಸೀರೆ ಸುತ್ತಿಸಿಕೊಂಡು, ಮೂಗುತಿ ಇಲ್ಲದ್ದೊಂದೇ ಕೊರತೆಯಾಗಿ ಕುಳಿತಿತ್ತು.

"ನೀವ ಹೇಳಿದ್ರಲ್ರಿ, ಕರ್ಪೂರದ ಕಿಡಿ ಹಾರಬಾರ್ದು ಅಂತ. ಅದಕ್ಕ ಗಾಜು ಮಾಡಿಸೀವಿ," ಎಂದ ಮಗ, ವಿನಯದಿಂದ.

"ಅಕ್ಕಾರು?"

"ಒಳಗ ಅದಾಳ್ರಿ. ಆಕಿಗೂ ಆರಾಮಾತು."

ಜನ ಈಗ ಕೇಳುವ ರೀತಿ ಬೇರೆಯಾಗಿತ್ತು. ಪೆಟ್ಟಿಗೆಯ ಬಾಗಿಲು ತೆರೆದು, ನೆತ್ತಿಯ ಮೇಲೆ ಒದ್ದೆ ಸೇವಂತಿಗೆ ಇಟ್ಟು, ಪ್ರಶ್ನೆ ಕೇಳಿ ಕಾಯುವುದು. ತಾಯಿಯ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ನಾನು ನೋಡುತ್ತಿದ್ದಂತೆ ಒಬ್ಬಳು ಮಗಳ ಮದುವೆ ಈ ವರ್ಷವೇ ಎಂದು ಕೇಳಿದಳು. ಹೂ ತೆಳು ಎಳೆಗಳ ಮೇಲೆ ಜಾರಿ ಎಡಕ್ಕೆ ಬಿತ್ತು. ಒಬ್ಬ ಬೋರ್‌ವೆಲ್ ಕೇಳಿದ. ಎಡಕ್ಕೆ. ತಾಯಿ ಮುನಿದಿದ್ದಾಳೆ ಎಂಬ ಗುಸುಗುಸು ಸಾಲಿನಲ್ಲಿ ಹರಿದಾಡುತ್ತಿತ್ತು. ತಾಯಿ ಮುನಿದಿರಲಿಲ್ಲ. ಹೂ ನನ್ನ ತಗ್ಗಿಗೆ ಇಳಿಯುತ್ತಿತ್ತು.

"ಮಂದಿ ಬ್ಯಾಸರ ಆಗಾಕತ್ತಾರ್ರಿ," ಎಂದ ಮಗ ನನ್ನನ್ನು ಬದಿಗೆ ಕರೆದು. "ಬಾಳ ಬ್ಯಾಡ. ಎಡಕ್ಕ ನಾಕ ಎಳಿ ತುಂಬಿ ಸಪಾಟ ಮಾಡ್ರಿ. ಅತ್ತಾಗೊಂದು ಇತ್ತಾಗೊಂದು ಬೀಳ್ಲಿ."

ಮುಟ್ಟುವ ಮೊದಲು ಕೈಕಾಲು ತೊಳೆಯಬೇಕೆಂದ. ನಾನು ಹೊಲಿದದ್ದನ್ನು ಮುಟ್ಟಲು ನನಗೇ ಮಡಿ! ಹಿತ್ತಲಿಗೆ ಹೋದೆ. ಅಕ್ಕ ಅಲ್ಲಿ ಬಂದವರ ಚಹಾದ ಲೋಟ ತೊಳೆಯುತ್ತಿದ್ದಳು. ಕೂದಲು ಕಿವಿಯ ಕೆಳಗಿಳಿದಿತ್ತು, ಎಣ್ಣೆ ಹಚ್ಚಿ ಬಾಚಿದ್ದಳು.

"ಬರ್ರಿ ಅಣ್ಣಾರ. ನೋಡಿದ್ರೇನು ನನ್ನ ಸವತಿನ್ನ?"

ನೀರು ಹಾಕುತ್ತಾ ಹೇಳಿದಳು. ಒಂದು ಮಧ್ಯಾಹ್ನ ಧಗೆ ತಡೆಯದೆ ಟೊಪ್ಪಿಗೆ ತೆಗೆದು ಗದ್ದಿಗೆಯ ಮೇಲಿಟ್ಟು ಬಚ್ಚಲಿಗೆ ಬಂದಳಂತೆ. ಹೊರಗಿನಿಂದ ಯಾರೋ ಹೆಂಗಸರು ಹೇಳದೆ ಕೇಳದೆ ಬಂದವರು ಬರಿಯ ಜಟೆಯನ್ನು ಕಂಡು, ತಾಯಿ ತಾನೇ ದೇಹ ಬಿಟ್ಟು ಕುಳಿತಿದ್ದಾಳೆಂದು ಉದ್ದಂಡ ನಮಸ್ಕಾರ ಹಾಕಿದರಂತೆ. ಮಗ ಬಾಗಿಲಲ್ಲಿ ನಿಂತು ನೋಡಿದ. ಮರುವಾರ ಗಾಜಿನವನು ಬಂದ.

"ತಲಿ ಹಗರಾಗೇತ್ರಿ, ಸುಳ್ಳ ಯಾಕ ಹೇಳ್ಲಿ. ಎರಡೂ ಮಗ್ಗಲ ಮಲಗ್ತೀನಿ. ಆದ್ರ ಅಣ್ಣಾರ, ನಾ ಕುಂತಾಗ ಮಂದಿಗೆ ನಾಕ ಮಾತು ಹೇಳ್ತಿದ್ದೆ. ಹುಡುಗ ಕುಡೀತಾನ, ಮದಿವಿ ಬ್ಯಾಡ ಅಂತಿದ್ದೆ. ಹೂ ಏನ್ ಹೇಳತೈತಿ? ಅತ್ತಾಗ ಇಲ್ಲಾ ಇತ್ತಾಗ." ಲೋಟ ಬೋರಲು ಹಾಕಿ ಧ್ವನಿ ಇಳಿಸಿದಳು. "ಅಂವ ನಿಮಗ ಸಪಾಟ ಮಾಡು ಅಂದಾನಿಲ್ಲೋ? ಮಾಡಬ್ಯಾಡ್ರಿ. ಆ ತಗ್ಗು ನಂದು. ಅದು ಮುಚ್ಚಿದ್ರ ಟೊಪ್ಪಿಗಿ ಮತ್ತ ನನ್ನ ತಲಿಗೆ ಕುಂಡ್ರೂದಿಲ್ಲ."

"ಮಾಡೂದಿಲ್ಲ."

"ಹಂಗಾರ ಕೇಳ್ರಿ. ಹೂ ಎಡಕ್ಕ ಬೀಳತೈತಿ, ಎಡಾ ಅಂದ್ರ ಇಲ್ಲ. ಇವತ್ತ ಎಲ್ಲಾರ ಮುಂದ ನಾನ ಕೇಳಾಕಿ: ತಾಯಿ, ನೀ ನನ್ನ ತಲಿ ಬಿಟ್ಟು ಗಾಜಿನಾಗ ಇರೂದು ನಿನಗ ಒಪ್ಪಿಗಿ ಐತೇನು ಅಂತ." ಕಣ್ಣು ಮಿಂಚಿದವು. "ಹೂ ಏನು ಹೇಳತೈತಿ, ಅಂವಾನ ನೋಡ್ಲಿ."

ನನ್ನ ವೃತ್ತಿಜೀವನದಲ್ಲಿ ಇಷ್ಟು ಚೊಕ್ಕಟವಾದ ಕೊನೆಯ ಅಂಕವನ್ನು ಯಾವ ನಾಟಕಕಾರನೂ ಬರೆದದ್ದು ಕಂಡಿರಲಿಲ್ಲ.

ಪಡಸಾಲೆಗೆ ಬಂದು, ಕನ್ನಡಕ ಹಾಕಿಕೊಂಡು, ಜಟೆಯನ್ನು ಅತ್ತಿತ್ತ ಸವರಿ ನೋಡಿ, ವೈದ್ಯರ ಗಾಂಭೀರ್ಯದಿಂದ ತೀರ್ಪು ಕೊಟ್ಟೆ: ಜಾಳಿಗೆ ಬೆವರಿಗೆ ಮೆತ್ತಗಾಗಿದೆ, ಹೊಸ ಎಳೆಯ ಭಾರ ತಡೆಯುವುದಿಲ್ಲ, ಸೂಜಿ ಚುಚ್ಚಿದರೆ ಪೂರ್ತಿ ಹರಿಯುತ್ತದೆ. ಆಗುವುದಿಲ್ಲ. ಆದರೂ ಬಂದದ್ದಕ್ಕೆ ಒಂದು ಸಡಿಲ ಎಳೆಗೆ ಎರಡು ಹೊಲಿಗೆ ಹಾಕಿದೆ, ಬೇರೇನೂ ಮಾಡಲಿಲ್ಲ.

ಮಗ ವಾದ ಮಾಡಲಿಲ್ಲ. ಪಕ್ಕದ ಬುಟ್ಟಿಯಲ್ಲಿ ಒಡೆದ ಕಾಯಿಗಳ ಕರಟ ಬಿದ್ದಿದ್ದವು. ಒಂದು ಚೂರು ಆರಿಸಿ, ಪೆಟ್ಟಿಗೆಯೊಳಗೆ ಕೈ ಹಾಕಿ, ಕೊಡದ ಎಡಬದಿಯ ಅಂಚಿಗೆ ಒತ್ತಿಕೊಟ್ಟ. ಕೊಡ ಬಲಕ್ಕೆ ವಾಲಿತು. ಸೀರೆಯ ನೆರಿಗೆಯನ್ನು ಅದರ ಮೇಲೆ ಎಳೆದು ಮುಚ್ಚಿದ. ಸಾಲಿನವರಿಗೆ ಅವನ ಬೆನ್ನು ಮಾತ್ರ ಕಂಡಿತು. ನನ್ನ ಇಡೀ ವಿದ್ಯೆಗೆ ಒಂದು ಕರಟದ ಚೂರು ಉತ್ತರವಾಗಿತ್ತು.

ಅಷ್ಟರಲ್ಲಿ ಅಕ್ಕ ಹಿತ್ತಲಿನಿಂದ ಬಂದುಬಿಟ್ಟಿದ್ದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಸಾಲನ್ನು ದಾಟಿ ಮುಂದಕ್ಕೆ. ಹಿಂದಿನಿಂದ ಯಾರೋ, "ಸಾಲಿಗೆ ಬಾ ಯವ್ವಾ, ನಾವೇನ ಹುಚ್ಚರೇನು?" ಎಂದರು. ಆಕೆ ತಿರುಗಲಿಲ್ಲ. ಅವಳು ನನ್ನತ್ತ ನೋಡಲೆಂದು ಕಾದು, ಬೇಡವೆಂದು ತಲೆ ಅಲ್ಲಾಡಿಸಿದೆ. ಆಕೆ ನನ್ನ ಕಡೆ ನೋಡಲೇ ಇಲ್ಲ; ನೋಡುವ ಅಗತ್ಯವೇನಿತ್ತು, ಮಾತು ಕೊಟ್ಟಿದ್ದೆನಲ್ಲ. ಹೂಬುಟ್ಟಿಯಿಂದ ಸೇವಂತಿಗೆ ತೆಗೆದು ಜಟೆಯ ನೆತ್ತಿಯ ಮೇಲಿಟ್ಟು, ಗದ್ದಿಗೆಯ ಕಾಲದ ಆ ಗಟ್ಟಿ ಧ್ವನಿಯಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿದಳು.

"ತಾಯೀ, ನನ್ನ ತಲಿ ಬಿಟ್ಟು ಈ ಗಾಜಿನಾಗ ಇರೂದು ನಿನಗ ಒಪ್ಪಿಗಿ ಐತೇನು?"

ಸಾಲಿನವರೆಲ್ಲ ಕತ್ತು ಮುಂದೆ ಚಾಚಿದರು. ಹೂ ಕೊಂಚ ಅಲುಗಿತು. ಬಲಕ್ಕೆ ಬಿತ್ತು.

ಎಷ್ಟೋ ವಾರಗಳ ಮೇಲೆ ಬಲಕ್ಕೆ ಬಿದ್ದ ಮೊದಲ ಹೂ ಅದು. ಜನ ಉಘೇ ಎಂದರು. ಕೆಲವರು ಅತ್ತರು. ಮಗ ಹೂವನ್ನು ಎತ್ತಿ, ಉಳಿದವರಿಗೆ ಕೊಡುವಂತೆಯೇ, ತನ್ನವ್ವನ ಅಂಗೈಗೆ ಹಾಕಿದ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು, ಬಾಚಿದ ಗಿಡ್ಡ ಕೂದಲಿಗೆ ಸಿಕ್ಕಿಸಲು ನೋಡಿದಳು. ನಿಲ್ಲಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡಳು.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಒಂದು ಲೋಟ ಚಹಾ ತಂದು ಕೊಟ್ಟಳು. ನನ್ನ ಬೆರಳಿಗೆ ಹತ್ತಿದ್ದ ಭಂಡಾರವನ್ನೂ, ಅಂಗಿಯ ಕಾಲರಿಗೆ ಸಿಕ್ಕಿಸಿದ್ದ ಸೂಜಿದಾರವನ್ನೂ ನೋಡಿದಳು.

"ಚಲೋ ಹೊಲದೀರಿ, ಅಣ್ಣಾರ," ಎಂದಳು.

ಕರಟದ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಆಕೆಯ ಕಣ್ಣಲ್ಲಿ ಮೋಸಗಾರ ಯಾರು? ಮಗ. ಹೇಳದಿದ್ದರೆ, ತಗ್ಗು ತುಂಬಿ ಮಾತು ತಪ್ಪಿದ ಹೊಲಿಗೆಯವ. ಆ ಮನೆಯಲ್ಲಿ ಆಕೆ ಇನ್ನೂ ದಿನ ಕಳೆಯಬೇಕಾದದ್ದು ಮಗನ ಜೊತೆ. ನನ್ನ ಜೊತೆ ಅಲ್ಲ.

"ಹೂಂ ಅಕ್ಕಾರ," ಅಂದೆ.